ಪಕ್ಕದಲ್ಲಿ ಐದು ಅಂತಸ್ತಿನ ಕಟ್ಟಡ ಏಳುತ್ತಿದೆ: ನಮ್ಮ ಮನೆಯ ಬೆಲೆ ಏನಾಗುತ್ತದೆ, ಗೋಡೆಯ ಬಿರುಕಿಗೆ ಯಾರು ಹೊಣೆ?

ಪ್ರಶ್ನೆ: ನಿವೃತ್ತ ಗಣಿತ ಶಿಕ್ಷಕಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಹಳೆಯ ಬಡಾವಣೆಯೊಂದರ 40×80 ಅಡಿ ನಿವೇಶನದಲ್ಲಿ ನಮ್ಮ ಯಜಮಾನರು 1994ರಲ್ಲಿ ಕಟ್ಟಿಸಿದ ಒಂದೇ ಅಂತಸ್ತಿನ ಮನೆಯಲ್ಲಿ ನಾನು ಮತ್ತು ನಮ್ಮ ಅತ್ತೆಯವರು ವಾಸವಾಗಿದ್ದೇವೆ. ಯಜಮಾನರು ತೀರಿಕೊಂಡು ಏಳು ವರ್ಷವಾಯಿತು, ಮಗ ಹೈದರಾಬಾದಿನಲ್ಲಿದ್ದಾನೆ. ನಮ್ಮ ಪಡುವಣ ಮಗ್ಗುಲಿಗೆ ಇಷ್ಟೇ ಅಳತೆಯ ಎರಡು ನಿವೇಶನಗಳಲ್ಲಿದ್ದ ಹಳೆಯ ಮನೆಗಳನ್ನು ಕಟ್ಟಡ ವ್ಯವಹಾರದವರೊಬ್ಬರು ಕೊಂಡು, ಕೆಡವಿ, ಎರಡನ್ನೂ ಒಂದು ಮಾಡಿ, ಕೆಳಗೆ ವಾಹನಗಳಿಗೆ ಸೆಲ್ಲಾರ್, ಮೇಲೆ ಐದು ಅಂತಸ್ತು, ಒಟ್ಟು ಇಪ್ಪತ್ತು ಫ್ಲ್ಯಾಟು ಎಂದು ಹೇಳಿ ಕೆಲಸ ಹಚ್ಚಿದ್ದಾರೆ. ಸಂಕ್ರಾಂತಿ ಮುಗಿದ ಮರುವಾರವೇ ಜೆಸಿಬಿ ಬಂತು. ಈಗ ನಮ್ಮ ಕಾಂಪೌಂಡಿನಿಂದ ಎರಡೇ ಅಡಿ ಬಿಟ್ಟು ಹನ್ನೆರಡು ಅಡಿ ಆಳದ ಗುಂಡಿ ಬಾಯಿ ತೆರೆದು ನಿಂತಿದೆ.

ಗುಂಡಿ ತೋಡಿದ ಹದಿನೈದು ದಿನಕ್ಕೆ ನಮ್ಮ ದೇವರ ಮನೆಯ ಕಿಟಕಿಯ ಕೆಳಮೂಲೆಯಿಂದ ನೆಲದ ಕಡೆಗೆ ಓರೆಯಾಗಿ ಒಂದು ಬಿರುಕು ಇಳಿಯಿತು. ಮೊದಲು ಕೂದಲೆಳೆಯಷ್ಟಿತ್ತು; ಈಗ ಒಂದು ರೂಪಾಯಿಯ ನಾಣ್ಯವನ್ನು ತೂರಿಸಿದರೆ ಬೀಳದೆ ನಿಲ್ಲುತ್ತದೆ. ಉಗ್ರಾಣದ ಬಾಗಿಲಿನ ಚಿಲಕ ಕೂಡುತ್ತಿಲ್ಲ. ಕೆಲಸದ ಉಸ್ತುವಾರಿಯವರನ್ನು ಕೇಳಿದರೆ, ಬಳ್ಳಾರಿಯ ಕರಿ ಮಣ್ಣಿನಲ್ಲಿ ಹಳೆಯ ಮನೆಗಳೆಲ್ಲ ಬಿರಿಯುವುದು ಸಹಜ, ನಮಗೂ ಇದಕ್ಕೂ ಸಂಬಂಧವಿಲ್ಲ ಎಂದರು.

ಬಿರುಕಿಗಿಂತ ಹೆಚ್ಚಾಗಿ ನನ್ನನ್ನು ನೋಯಿಸುತ್ತಿರುವುದು ಮಾಳಿಗೆಯ ಸಂಗತಿ. ಏಪ್ರಿಲ್ ಬಂತೆಂದರೆ ಸಂಜೆ ಮಾಳಿಗೆಗೆ ನೀರು ಹೊಡೆದು, ನೆಲದ ಕಾವು ಆರಿದ ಮೇಲೆ ಹಾಸಿಗೆ ಹಾಸಿ, ಪಡುವಣ ಗಾಳಿಗೆ ಮುಖ ಮಾಡಿ ಮಲಗುವುದು ನಮ್ಮ ಅತ್ತೆಯವರು ಈ ಮನೆಗೆ ಬಂದಾಗಿನಿಂದ ಬಿಡದ ರೂಢಿ. ಎಪ್ಪತ್ತಾರರ ವಯಸ್ಸಿನಲ್ಲಿಯೂ ಕಂಬಿ ಹಿಡಿದು ಮೆಟ್ಟಿಲು ಹತ್ತುತ್ತಾರೆ. ಇನ್ನು ಮುಂದೆ ಐದು ಅಂತಸ್ತಿನ ಬಾಲ್ಕನಿಗಳು ಆ ಹಾಸಿಗೆಯ ಮೇಲೆಯೇ ಬಗ್ಗಿ ನೋಡುತ್ತವೆ, ಗಾಳಿಯಂತೂ ಇಲ್ಲ.

ಈ ನಡುವೆ ದಲ್ಲಾಳಿಯೊಬ್ಬರು ಎರಡು ಬಾರಿ ಬಂದು, ಈಗಲೇ ಮಾರಿದರೆ ಒಳ್ಳೆಯ ಬೆಲೆ ಕೊಡಿಸುತ್ತೇನೆ, ಕಟ್ಟಡ ಎದ್ದು ನಿಂತ ಮೇಲೆ ಅದರ ನೆರಳಿನ ಮನೆಯನ್ನು ಯಾರೂ ಕೇಳುವುದಿಲ್ಲ ಎಂದು ಹೇಳಿ ಹೋಗಿದ್ದಾರೆ. ಅದೇ ಬೀದಿಯ ಇನ್ನೊಬ್ಬರು, ಅಪಾರ್ಟ್‌ಮೆಂಟ್ ಬಂದರೆ ಇಡೀ ಬೀದಿಯ ರೇಟು ಏರುತ್ತದೆ, ಸುಮ್ಮನಿರಿ ಎನ್ನುತ್ತಾರೆ. ಇಬ್ಬರ ಮಾತೂ ಒಟ್ಟಿಗೆ ನಿಜವಾಗಲು ಸಾಧ್ಯವೇ? ಬಿರುಕಿನ ವಿಷಯದಲ್ಲಿ ನಾನು ಮೊದಲು ಯಾವ ಬಾಗಿಲು ತಟ್ಟಬೇಕು? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1: ನಿವೃತ್ತ ಸಿವಿಲ್ ಎಂಜಿನಿಯರ್

ಮೇಡಂ, ಬೆಲೆಯ ಮಾತು ಬಲ್ಲವರು ಹೇಳಲಿ; ನಾನು ಮಣ್ಣಿನ ಮಾತು ಹೇಳುತ್ತೇನೆ, ಏಕೆಂದರೆ ಅದಕ್ಕೆ ತಡ ಮಾಡುವಂತಿಲ್ಲ.

ಎರೆ ಮಣ್ಣಿನಲ್ಲಿ ಮನೆಗಳು ಬಿರಿಯುವುದು ಸಹಜ ಎಂಬುದು ಅರ್ಧ ನಿಜ. ಈ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ; ಬೇಸಿಗೆಯಲ್ಲಿ ಹೊಲದ ಬಿರುಕಿನೊಳಗೆ ಕೈ ಹೋಗುವುದನ್ನು ನಮ್ಮ ಕಡೆಯವರೆಲ್ಲ ನೋಡಿದ್ದಾರೆ. ಆದರೆ ಮೂವತ್ತು ಮಳೆಗಾಲ, ಮೂವತ್ತು ಬೇಸಿಗೆ ಕಂಡ ಮನೆ ತನ್ನ ಉಬ್ಬು ಇಳಿತಗಳಿಗೆ ಹೊಂದಿಕೊಂಡಿರುತ್ತದೆ. ಅಂಥ ಮನೆ ಗುಂಡಿ ತೋಡಿದ ಹದಿನೈದು ದಿನಕ್ಕೆ, ಗುಂಡಿಯ ಕಡೆಯ ಗೋಡೆಯಲ್ಲಿಯೇ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರಿದಿದ್ದರೆ, ಆ ಮೂಲೆಯ ಪಾಯ ಕೆಳಗೆ ಅಥವಾ ಪಕ್ಕಕ್ಕೆ ಜರುಗುತ್ತಿದೆ ಎಂದೇ ಮೊದಲು ಶಂಕಿಸಬೇಕು. ತೆರೆದ ಗುಂಡಿಯ ಪಕ್ಕೆಯ ಮೂಲಕ ಮಣ್ಣು ಬಿಸಿಲಿಗೆ ಒಣಗಿ ಕುಗ್ಗುವುದು ಒಂದು ಕಾರಣ; ಪಕ್ಕದ ಆಸರೆಯೇ ಇಲ್ಲವಾಗುವುದು ಇನ್ನೊಂದು. ನಾಳೆ ಮಳೆ ಬಂದು ಗುಂಡಿಯಲ್ಲಿ ನೀರು ನಿಂತರೆ ಅದೇ ಮಣ್ಣು ಮೆತ್ತಗಾಗಿ ಕುಸಿಯಬಹುದು, ಇಲ್ಲವೇ ಉಬ್ಬಿ ಬಿರುಕನ್ನು ಬೇರೆ ದಿಕ್ಕಿಗೆ ಎಳೆಯಬಹುದು.

ತಾವು ಗಣಿತದವರು, ಲೆಕ್ಕ ನೋಡಿ. ನಿಮ್ಮ ಗೋಡೆಯಿಂದ ಕಾಂಪೌಂಡಿಗೆ ಆ ಕಾಲದ ರೂಢಿಯಂತೆ ನಾಲ್ಕು ಅಡಿ ಇದ್ದರೆ, ಅಲ್ಲಿಂದ ಗುಂಡಿಗೆ ಎರಡು ಅಡಿ, ಒಟ್ಟು ಆರು ಅಡಿ. ಪಾಯ ಐದು ಅಡಿ ಆಳವಿದ್ದರೆ ಗುಂಡಿಯ ತಳ ಅದಕ್ಕಿಂತ ಏಳು ಅಡಿ ಕೆಳಗಿದೆ. ಗುಂಡಿಯ ತಳದಿಂದ 45 ಡಿಗ್ರಿಯಲ್ಲಿ ಮೇಲಕ್ಕೆ ಒಂದು ಗೆರೆ ಎಳೆದರೆ ಅದು ನಿಮ್ಮ ಪಾಯದ ಮಟ್ಟಕ್ಕೆ ಬರುವಾಗ ಏಳು ಅಡಿ ಒಳಗೆ ಬಂದಿರುತ್ತದೆ. ಅಂದರೆ ನಿಮ್ಮ ಪಾಯದ ಅಡಿಯನ್ನು ಹಾಯ್ದು ಹೋಗುತ್ತದೆ. ಇದು ಕೆಲಸದ ಜಾಗದಲ್ಲಿ ನಾವು ಬಳಸುವ ಒರಟು ಅಳತೆ. ಆದರೆ ಗೆರೆ ಪಾಯವನ್ನು ತಾಕಿತೆಂದರೆ ಆಸರೆ ಕೊಡದೆ ಮುಂದೆ ಅಗೆಯಬಾರದು ಎಂಬುದರಲ್ಲಿ ಎಂಜಿನಿಯರುಗಳಿಗೆ ಎರಡು ಮಾತಿಲ್ಲ. ತಾವೇ ಟೇಪು ಹಿಡಿದು ಅಳೆಯಿರಿ. ಪಾಯದ ಆಳ ನಿಮ್ಮ ಹಳೆಯ ನಕ್ಷೆಯಲ್ಲಿ ಇರುತ್ತದೆ.

ಇವತ್ತೇ ಮಾಡಬೇಕಾದದ್ದು ಬಿರುಕಿಗೆ ಸಾಕ್ಷಿ ಕಟ್ಟುವುದು. ಬಿರುಕಿನ ಮೇಲಿನ ಸಡಿಲ ಗಿಲಾವನ್ನು ಎರಡು ಕಡೆ ಕೆರೆದು ಇಟ್ಟಿಗೆ ಕಾಣುವಂತೆ ಮಾಡಿ, ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಕೂರಿಸಿ, ಗೋಡೆಯ ಮೇಲೆ ತಾರೀಖು ಬರೆಯಿರಿ. ಗೋಡೆ ಜರುಗಿದರೆ ಗಾಜು ಒಡೆಯುತ್ತದೆ. ಅದು ಯಾರ ಬಾಯಿ ಮಾತಿಗೂ ಬಗ್ಗುವ ಸಾಕ್ಷಿಯಲ್ಲ. ಬಿರುಕಿನ ತುದಿಗೆ ಪೆನ್ಸಿಲ್ಲಿನಿಂದ ಅಡ್ಡಗೆರೆ ಹಾಕಿ ಅಲ್ಲಿಯೂ ತಾರೀಖು ಬರೆಯಿರಿ. ಪ್ರತಿ ಭಾನುವಾರ ಅದೇ ಜಾಗದಲ್ಲಿ ನಿಂತು, ಸ್ಕೇಲು ಹಿಡಿದು ಫೋಟೋ ತೆಗೆಯಿರಿ. ಇನ್ನೂ ಬಿರಿಯದ ಕೋಣೆಗಳ ಫೋಟೋ ತೆಗೆಯುವುದನ್ನು ಮಾತ್ರ ಮರೆಯಬೇಡಿ. ನಾಳೆ ಬಿರಿದರೆ, ಮೊದಲು ಸರಿಯಿತ್ತು ಎಂದು ತೋರಿಸುವುದು ಅವೇ.

ಇನ್ನೊಂದು ಸಂಗತಿ, ಸಂಪು. ನಮ್ಮ ಊರಿನಲ್ಲಿ ನಲ್ಲಿ ನೀರು ದಿನವೂ ಬರುವುದಿಲ್ಲವಾದ್ದರಿಂದ ಮನೆಮನೆಗೂ ದೊಡ್ಡ ಸಂಪು ಇದೆ. ರಾತ್ರಿ ಸಂಪು ತುಂಬಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ, ಮೋಟರು ಹಚ್ಚದೆ ಬೆಳಿಗ್ಗೆ ನೋಡಿ. ಮಟ್ಟ ಇಳಿದಿದ್ದರೆ ಸಂಪಿನ ಗೋಡೆಯೂ ಸೀಳಿದೆ, ಆ ನೀರು ಪಾಯದ ಮಣ್ಣಿಗೇ ಹೋಗುತ್ತಿದೆ ಎಂದು ಅರ್ಥ. ಅದನ್ನು ಒಂದು ದಿನವೂ ಬಿಡಬಾರದು.

ಕಟ್ಟುವವರಿಂದ ಲಿಖಿತವಾಗಿ ಕೇಳಬೇಕಾದದ್ದು ಇಷ್ಟು: ಎರಡೂ ಕಡೆಯ ಎಂಜಿನಿಯರುಗಳಿಂದ ನಿಮ್ಮ ಮನೆಯ ಜಂಟಿ ಪರಿಶೀಲನೆ, ನಿಮ್ಮ ಕಡೆಯ ಗುಂಡಿಯ ಪಕ್ಕೆಗೆ ತಕ್ಷಣ ಆಸರೆ, ತಡೆಗೋಡೆಯನ್ನು ಉದ್ದಕ್ಕೂ ಒಮ್ಮೆಲೇ ತೆರೆಯದೆ ತುಂಡು ತುಂಡಾಗಿ ಕಟ್ಟುವುದು, ಗೋಡೆಯ ಹಿಂದೆ ತೋಡಿದ ಕರಿ ಮಣ್ಣನ್ನೇ ಮತ್ತೆ ತುಂಬದೆ ಗರಸು ತುಂಬಿ ದಮ್ಮಸು ಮಾಡುವುದು. ಕೊನೆಯದನ್ನು ಬಹಳ ಜನ ಹಣ ಉಳಿಸಲು ಬಿಟ್ಟುಬಿಡುತ್ತಾರೆ. ಅದರ ಫಲ ಎರಡು ಮಳೆಗಾಲ ಕಳೆದ ಮೇಲೆ ನೆರೆಮನೆಯ ಗೋಡೆಯಲ್ಲಿ ಕಾಣುತ್ತದೆ.

ಉತ್ತರ 2: ರಾಯಚೂರಿನಿಂದ ಒಬ್ಬ ಮನೆ ಮಾಲೀಕ

ಅಕ್ಕನವರೇ, ಎಂಜಿನಿಯರ್ ಸಾಹೇಬರು ಹೇಳಿದ ಫೋಟೋದ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಮನೆಯ ಪಕ್ಕದಲ್ಲಿ ವಾಣಿಜ್ಯ ಕಟ್ಟಡ ಏಳುವಾಗ ನಾವು ನೆರೆಹೊರೆಯ ದಾಕ್ಷಿಣ್ಯಕ್ಕೆ ಸುಮ್ಮನಿದ್ದೆವು. ಬಿರುಕು ಬಿಟ್ಟಾಗ ನಮ್ಮ ಖರ್ಚಿನಿಂದಲೇ ಗಿಲಾವು ಮಾಡಿಸಿ ಬಣ್ಣ ಹೊಡೆಸಿದೆವು. ಮುಂದಿನ ವರ್ಷ ಅದೇ ಬಿರುಕು ಬಾಯಿ ಬಿಟ್ಟು ಬಂದಾಗ, ಮೊದಲ ಬಿರುಕು ಯಾವಾಗ ಬಿಟ್ಟಿತು ಎಂಬುದಕ್ಕೆ ನಮ್ಮ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಸಾಕ್ಷಿಯನ್ನು ನಾವೇ ಬಣ್ಣ ಹೊಡೆದು ಮುಚ್ಚಿದ್ದೆವು. ಪರಿಶೀಲನೆ ಮುಗಿಯುವವರೆಗೆ ತಾವು ಗೋಡೆಯನ್ನು ಮುಟ್ಟಬೇಡಿ.

ಉತ್ತರ 3: ಆಸ್ತಿ ಮೌಲ್ಯಮಾಪಕಿ

ಮೇಡಂ, ನಿಮಗೆ ಸಿಕ್ಕ ಎರಡೂ ಮಾತುಗಳು ಒಟ್ಟಿಗೆ ನಿಜವಾಗಬಹುದು; ಏಕೆಂದರೆ ಒಬ್ಬರು ಜಾಗದ ಬೆಲೆ ಹೇಳುತ್ತಿದ್ದಾರೆ, ಇನ್ನೊಬ್ಬರು ಮನೆಯ ಬೆಲೆ ಹೇಳುತ್ತಿದ್ದಾರೆ. ಬ್ಯಾಂಕಿಗಾಗಿ ಮೌಲ್ಯಮಾಪನ ಮಾಡುವಾಗಲೂ ನಾವು ಇವೆರಡನ್ನು ಬೇರೆ ಬೇರೆಯಾಗಿಯೇ ಬರೆಯುತ್ತೇವೆ. ಕಟ್ಟಡಕ್ಕೆ ಸಾಮಾನ್ಯವಾಗಿ 60 ವರ್ಷದ ಆಯುಷ್ಯ ಹಿಡಿದರೆ 1994ರ ಮನೆಯ ಅರ್ಧ ಬೆಲೆ ಕಾಗದದ ಮೇಲೆ ಆಗಲೇ ಕರಗಿದೆ. ಉಳಿದದ್ದರಲ್ಲಿ ದೊಡ್ಡ ಪಾಲು ಜಾಗದ್ದು.

ನಿಮ್ಮ ಮನೆಯನ್ನು ಕೊಳ್ಳಲು ಬರುವವರು ಎರಡು ಬಗೆಯವರು. ವಾಸಕ್ಕೆಂದು ಬರುವ ಕುಟುಂಬದವರು ಗಾಳಿ, ಬೆಳಕು, ಮರೆ, ನೀರು, ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗ, ಒಳಚರಂಡಿ ಇವನ್ನು ನೋಡುತ್ತಾರೆ. ಇಪ್ಪತ್ತು ಸಂಸಾರಗಳ ನೀರು ಹಳೆಯ ಬೀದಿಯ ಸಣ್ಣ ಕೊಳವೆಗೆ ಸೇರಿದ ಮೇಲೆ ಮೊದಲ ಮಳೆಗಾಲದಲ್ಲಿ ಮ್ಯಾನ್‌ಹೋಲ್ ಉಕ್ಕುತ್ತದೆಯೇ ಎಂದು ಕೇಳಿಯೇ ಕೇಳುತ್ತಾರೆ. ಇವರ ಲೆಕ್ಕದಲ್ಲಿ ನಿಮ್ಮ ಮನೆಯ ಬೆಲೆ ಇಳಿಯುತ್ತದೆ. ಒಂದು ಮಾತು ಮಾತ್ರ ನ್ಯಾಯವಾಗಿ ಹೇಳಬೇಕು: ಬಳ್ಳಾರಿಯಲ್ಲಿ ಪಡುವಣ ಗೋಡೆ ಮಧ್ಯಾಹ್ನದ ಬಿಸಿಲಿಗೆ ಕಾದು ರಾತ್ರಿಯೆಲ್ಲ ಕಾವು ಕಾರುತ್ತದೆ, ಪಡುವಣಕ್ಕೆ ಎತ್ತರದ ಕಟ್ಟಡ ಬಂದರೆ ಆ ಕೋಣೆಗಳು ತಂಪಾಗುತ್ತವೆ. ಕಳೆದುಕೊಂಡ ಸಂಜೆಯ ಗಾಳಿಗೆ ಅದು ಸಾಟಿಯಲ್ಲ, ಆದರೂ ಕೊಳ್ಳುವವರು ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಎರಡನೆಯ ಬಗೆಯವರು ಕೆಡವಿ ಕಟ್ಟುವವರು. ಇವರಿಗೆ ನಿಮ್ಮ ದೇವರ ಮನೆಯ ಬಿರುಕು ಬೇಕಾಗಿಲ್ಲ. ಎಷ್ಟು ನೆಲ ವಿಸ್ತೀರ್ಣ ಕಟ್ಟಬಹುದು ಎಂಬುದು ರಸ್ತೆಯ ಅಗಲ ಮತ್ತು ನಿವೇಶನದ ಅಳತೆಯನ್ನು ಅವಲಂಬಿಸಿದೆ, ಅವರು ನೋಡುವುದು ಅದನ್ನೇ. ಇಲ್ಲೊಂದು ಸೂಕ್ಷ್ಮವಿದೆ. ಕಟ್ಟಡ ಎತ್ತರವಾದಂತೆ ಸುತ್ತ ಬಿಡಬೇಕಾದ ಜಾಗವೂ ಹೆಚ್ಚುವುದರಿಂದ, 40 ಅಡಿ ಅಗಲದ ಒಂಟಿ ನಿವೇಶನದಲ್ಲಿ ಕೊನೆಗೆ ಉಳಿಯುವುದು ಕಿರಿದಾದ ಪಟ್ಟಿ. ಎರಡು ನಿವೇಶನ ಸೇರಿದಾಗ ಚದರಡಿಗೆ ಸಿಗುವ ಬೆಲೆ ಒಂಟಿಯಾಗಿ ಸಿಗುವುದಿಲ್ಲ. ಪಡುವಣದವರ ನಕ್ಷೆ ಮುಗಿದ ಕಥೆಯಾದ್ದರಿಂದ ಆ ಕಡೆ ನಿಮ್ಮ ಬಲ ಕಡಿಮೆಯಾಗಿದೆ. ದಲ್ಲಾಳಿಯ ಮಾತಿನಲ್ಲಿರುವ ನಿಜ ಅಷ್ಟೇ. ಆದರೆ ಮೂಡಣ ಮನೆಯವರು ಇದ್ದಾರಲ್ಲ. ಮಾರುವುದು ಬಿಡುವುದು ಆಮೇಲಿನ ಮಾತು, ಅವರೊಡನೆ ಇಂದೇ ಮಾತಾಡಿ, ಒಬ್ಬರಿಗೊಬ್ಬರು ತಿಳಿಸದೆ ಯಾರೂ ಮಾರುವುದಿಲ್ಲ ಎಂಬ ಒಪ್ಪಂದವಾದರೂ ಇರಲಿ. ಇಬ್ಬರೂ ಸೇರಿದರೆ ನಿಮ್ಮದು 80 ಅಡಿ ಅಗಲದ ಜಾಗ.

ಮಾರುವುದೇ ಆದರೂ ಈಗ ಮಾರಬೇಡಿ ಎಂದು ಒತ್ತಿ ಹೇಳುತ್ತೇನೆ. ಪಕ್ಕದಲ್ಲಿ ತೆರೆದ ಗುಂಡಿ, ಗೋಡೆಯಲ್ಲಿ ಬೆಳೆಯುತ್ತಿರುವ ಬಿರುಕು ಇರುವಾಗ ಕೊಳ್ಳುವವರು ರಿಪೇರಿಯ ಖರ್ಚನ್ನಷ್ಟೇ ಕಳೆಯುವುದಿಲ್ಲ, ತಮ್ಮ ಭಯವನ್ನೂ ಕಳೆಯುತ್ತಾರೆ. ಅದೇ ಬಿರುಕು ನಿಂತು, ಎಂಜಿನಿಯರ್ ವರದಿಯೊಂದಿಗೆ ರಿಪೇರಿಯಾದ ಮೇಲೆ ಕಳೆಯುವ ಮೊತ್ತ ತೀರ ಕಡಿಮೆ.

ಮಾರ್ಗಸೂಚಿ ದರದ, ಅಂದರೆ ಆಸ್ತಿ ನೋಂದಣಿಗೆ ಸರ್ಕಾರ ಗೊತ್ತುಪಡಿಸುವ ಕನಿಷ್ಠ ಬೆಲೆಯ, ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ. ಸರ್ಕಾರದ ದರ ಬೀದಿಗೆ, ಬಡಾವಣೆಗೆ ನಿಗದಿಯಾಗುತ್ತದೆಯೇ ಹೊರತು ನಿಮ್ಮ ಮನೆಗೆ ಗಾಳಿ ಬರುತ್ತದೆಯೋ ಇಲ್ಲವೋ ಎಂದು ನೋಡಿ ಅಲ್ಲ. 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಪರಿಷ್ಕೃತ ದರ ಜಾರಿಗೆ ಬಂದಿದೆ. ಮುಂದೆ ಬೀದಿಯ ದರ ಏರಿ, ನಿಮ್ಮ ಮನೆ ಮಾತ್ರ ಅದಕ್ಕಿಂತ ಶೇಕಡಾ 10ಕ್ಕೂ ಹೆಚ್ಚು ಕಡಿಮೆಗೆ ಮಾರಾಟವಾದರೆ, ಆದಾಯ ತೆರಿಗೆಯವರು ಸರ್ಕಾರಿ ದರವನ್ನೇ ನಿಮ್ಮ ಮಾರಾಟದ ಬೆಲೆಯೆಂದು ಹಿಡಿಯುತ್ತಾರೆ. ಕೈಗೆ ಬಾರದ ಹಣಕ್ಕೆ ತೆರಿಗೆ ಕಟ್ಟಬೇಕಾಗುತ್ತದೆ. ಆಗ ಇಲಾಖೆಯ ಮೌಲ್ಯಮಾಪನಾಧಿಕಾರಿಯಿಂದ ಪರಿಶೀಲನೆ ಆಗಲಿ ಎಂದು ಕೇಳುವ ಹಕ್ಕು ನಿಮಗಿದೆ, ಮತ್ತು ಆ ದಿನ ಕೈ ಹಿಡಿಯುವುದು ನೀವು ಈಗ ಕಟ್ಟಿಡುವ ದಾಖಲೆಗಳೇ. ನಿಮ್ಮ ಮನೆ ಹಳೆಯದಾದ್ದರಿಂದ ಲಾಭದ ಲೆಕ್ಕಕ್ಕೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಆಧಾರವಾಗಿ ಹಿಡಿಯಲು ಅವಕಾಶವಿದೆ. ಅದಕ್ಕೊಂದು ಮೌಲ್ಯಮಾಪನ ವರದಿ ಮಾಡಿಸಿ ಇಟ್ಟುಕೊಳ್ಳಿ.

ಉತ್ತರ 4: ವಕೀಲ, ಬಳ್ಳಾರಿ

ಮೊದಲು ಕಹಿಯಾದ ಮಾತು ಹೇಳಿಬಿಡುತ್ತೇನೆ. ಪಕ್ಕದವರು ನಿಯಮದಂತೆ ಕಟ್ಟುತ್ತಿದ್ದರೆ, ನಮ್ಮ ಮನೆಯ ಬೆಲೆ ಇಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಅದನ್ನು ನಿಲ್ಲಿಸಲಾಗದು. ಮಾಳಿಗೆಯ ಮರೆ ಹೋಯಿತು ಎಂಬುದಕ್ಕೂ ಕಾನೂನಿನಲ್ಲಿ ದಾರಿ ಕಿರಿದು. ಊರಿನಲ್ಲಿ ಅಂಥ ರೂಢಿ ಇತ್ತು ಎಂದು ಸಾಬೀತು ಮಾಡಿದರೆ ಮಾತ್ರ ಮರೆಯ ಹಕ್ಕು ನಿಲ್ಲುತ್ತದೆ. ನಿಮ್ಮ ಅತ್ತೆಯವರ ವಿಷಯ ಓದಿ ನನಗೂ ಸಂಕಟವಾಯಿತು, ಆದರೆ ಅದರ ಮೇಲೆ ದಾವೆ ಕಟ್ಟುವುದು ಬೇಡ.

ಆದರೆ ಮಣ್ಣಿನ ಆಸರೆ ಮತ್ತು ಕಿಟಕಿಯ ಬೆಳಕು ಬೇರೆ ಮಾತು. 1882ರ ಅನುಭೋಗ ಹಕ್ಕುಗಳ ಕಾಯ್ದೆ (ಪಕ್ಕದವರ ಜಾಗದಿಂದ ನಮ್ಮ ಆಸ್ತಿಗೆ ಸಿಗಬೇಕಾದ ಬೆಳಕು, ಗಾಳಿ, ಆಸರೆಯಂಥ ಹಕ್ಕುಗಳ ಕಾನೂನು) ಮೊದಲಿಗೆ ಜಾರಿಗೆ ಬಂದ ಸೀಮೆಗಳಲ್ಲಿ ಮದ್ರಾಸು ಪ್ರಾಂತ್ಯವೂ ಒಂದು, ಮತ್ತು ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಅದೇ ಆಡಳಿತದಲ್ಲಿತ್ತು. ಹೀಗಾಗಿ ಈ ಕಾನೂನು ನಮ್ಮ ಊರಿಗೆ ಹೊಸತಲ್ಲ. ಅದರ 7ನೇ ಕಲಮಿನಂತೆ ನಿಮ್ಮ ನೆಲಕ್ಕೆ ಪಕ್ಕದ ನೆಲದ ಸಹಜ ಆಸರೆ ಸಿಗಬೇಕು. 15ನೇ ಕಲಮಿನಂತೆ ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಹಕ್ಕಿನಿಂದ ಅನುಭವಿಸಿದ ಬೆಳಕು, ಗಾಳಿ ಮತ್ತು ಕಟ್ಟಡದ ಭಾರಕ್ಕೆ ಸಿಕ್ಕ ಆಸರೆ ಕೂಡ ಹಕ್ಕಾಗುತ್ತವೆ. ನಿಮ್ಮದು ಮೂವತ್ತು ವರ್ಷ ದಾಟಿದೆ. ಗೃಹಪ್ರವೇಶದ ಫೋಟೋದಲ್ಲಿ ಪಡುವಣ ಕಿಟಕಿ ಕಾಣುತ್ತಿದ್ದರೆ ಅದನ್ನು ಜೋಪಾನ ಮಾಡಿ. ನೀವು ಕೇಳಿದ ಬೆಲೆಯ ಪ್ರಶ್ನೆಗೆ ಕಾನೂನಿನಲ್ಲಿ ಜಾಗವಿರುವುದು 33ನೇ ಕಲಮಿನ ವಿವರಣೆಯಲ್ಲಿ: ಅನುಭೋಗ ಹಕ್ಕಿಗೆ ಧಕ್ಕೆಯಾಗಿ ಅದರಿಂದ ಆಸ್ತಿಯ ಬೆಲೆ ಗಣನೀಯವಾಗಿ ತಗ್ಗಿದರೆ ಅದು ಪರಿಹಾರ ಕೇಳಬಹುದಾದ ಹಾನಿ. ತಡೆ ಕಂಡೂ ಒಂದು ವರ್ಷ ಒಪ್ಪಿ ಸುಮ್ಮನಿದ್ದರೆ ಅನುಭೋಗ ಮುರಿಯಿತು ಎಂಬ ವಾದಕ್ಕೆ ಎಡೆಯಾಗುತ್ತದೆ, ಆದ್ದರಿಂದ ಆಕ್ಷೇಪವನ್ನು ಈಗಲೇ ಬರೆದು ಕೊಡಿ.

ಇನ್ನು ನಕ್ಷೆ. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕಟ್ಟುವಷ್ಟು ಕಾಲವೂ ಮಂಜೂರಾದ ನಕ್ಷೆಯನ್ನು ಕೆಲಸದ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರಬೇಕು ಎಂದು ನಿರ್ದೇಶಿಸಿದೆ. ಅಲ್ಲಿ ಇಲ್ಲದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಪಾಲಿಕೆಯಲ್ಲಿ ನಕಲು ಕೇಳಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಬರೆಯಿರಿ, 30 ದಿನದೊಳಗೆ ಉತ್ತರ ಬರಬೇಕು. ಆ ಎರಡು ನಿವೇಶನಗಳು ಸೇರಿ 6400 ಚದರಡಿ, ಅಂದರೆ ಸುಮಾರು 594 ಚದರ ಮೀಟರ್, ಫ್ಲ್ಯಾಟುಗಳು ಇಪ್ಪತ್ತು. 500 ಚದರ ಮೀಟರ್ ಮತ್ತು ಎಂಟು ಫ್ಲ್ಯಾಟು ಎರಡೂ ಮಿತಿಗಳನ್ನು ದಾಟಿರುವುದರಿಂದ, ಮಾರಾಟಕ್ಕೆಂದು ಕಟ್ಟುವ ಈ ಯೋಜನೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ) ನೋಂದಣಿಯಾಗಲೇಬೇಕು. ಕರ್ನಾಟಕ ರೇರಾ ಜಾಲತಾಣದಲ್ಲಿ ಮನೆಯಲ್ಲೇ ಕುಳಿತು ನೋಡಬಹುದು. ನಕ್ಷೆಯಲ್ಲಿ ನಿಮ್ಮ ಕಡೆ ಬಿಡಬೇಕಾದ ಜಾಗ ಎಷ್ಟೆಂದು ನೋಡಿ ಟೇಪು ಹಿಡಿಯಿರಿ. ಕಡಿಮೆ ಇದ್ದರೆ 1976ರ ಪೌರನಿಗಮಗಳ ಕಾಯ್ದೆಯ 321ನೇ ಕಲಮಿನಡಿ ಕ್ರಮ ಕೋರಿ ಆಯುಕ್ತರಿಗೆ ದೂರು ಕೊಟ್ಟು, ಸ್ವೀಕೃತಿ ಪಡೆಯಿರಿ. ಗೋಡೆ ಜರುಗುವುದು ನಿಲ್ಲದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ತಾತ್ಕಾಲಿಕ ತಡೆಯಾಜ್ಞೆ ಕೇಳಿ, ಸ್ಥಳ ಪರಿಶೀಲನೆಗೆ ಕೋರ್ಟ್ ಕಮಿಷನರನ್ನು ನೇಮಿಸಲು ಅರ್ಜಿ ಹಾಕಬೇಕು; ಕಮಿಷನರ್ ವರದಿಯಲ್ಲಿ ಬಿರುಕು ದಾಖಲಾದರೆ ಅರ್ಧ ವ್ಯಾಜ್ಯ ಮುಗಿದಂತೆ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಅಳೆದು ನೋಡಿದೆ: ಗೋಡೆಯಿಂದ ಕಾಂಪೌಂಡಿಗೆ ಮೂರೂ ಮುಕ್ಕಾಲು ಅಡಿ, ಹಳೆಯ ನಕ್ಷೆಯಲ್ಲಿ ಪಾಯ ಐದು ಅಡಿ. ಗೆರೆ ನಮ್ಮ ಪಾಯವನ್ನು ಹಾಯ್ದೇ ಹೋಗುತ್ತದೆ. ಸಂಪಿನ ನೀರು ರಾತ್ರಿಯಲ್ಲಿ ಇಳಿದಿಲ್ಲ, ಅದೊಂದು ಸಮಾಧಾನ. ಸೋಮವಾರ ಕೂರಿಸಿದ ಗಾಜು ಗುರುವಾರ ಬೆಳಿಗ್ಗೆ ಒಡೆದಿತ್ತು. ಅದನ್ನು ಫೋಟೋ ತೆಗೆದು ಪತ್ರದೊಂದಿಗೆ ರಿಜಿಸ್ಟರ್ ಅಂಚೆಯಲ್ಲಿ ಕಟ್ಟುವವರಿಗೂ ಪಾಲಿಕೆಗೂ ಕಳುಹಿಸಿದ ಮರುದಿನವೇ ಅವರ ಕಡೆಯವರು ಮನೆಗೆ ಬಂದು, ಬಿರುಕನ್ನೆಲ್ಲ ತಮ್ಮ ಖರ್ಚಿನಲ್ಲಿ ಮುಚ್ಚಿಸಿ ಇಡೀ ಮನೆಗೆ ಬಣ್ಣ ಹೊಡೆಸಿ ಕೊಡುತ್ತೇವೆ, ಈ ಕಾಗದಕ್ಕೆ ಸಹಿ ಮಾಡಿ ಎಂದರು. ಅದರಲ್ಲಿ “ಇನ್ನು ಮುಂದೆ ಯಾವುದೇ ತಕರಾರು ಇರುವುದಿಲ್ಲ” ಎಂಬ ಸಾಲಿದೆ. ಮಗನನ್ನು ಕೇಳಿ ಹೇಳುತ್ತೇನೆಂದು ಕಳುಹಿಸಿದ್ದೇನೆ. ಮೂಡಣ ಮನೆಯವರೂ ನಮ್ಮ ಜೊತೆ ನಿಲ್ಲುವುದಾಗಿ ಹೇಳಿದ್ದಾರೆ.

ಉತ್ತರ 5: ವಕೀಲ, ಬಳ್ಳಾರಿ

ಆ ಸಾಲು ಇರುವವರೆಗೆ ಸಹಿ ಬೇಡ. ಅದರ ಬದಲಿಗೆ, ಗುಂಡಿಯ ಪಕ್ಕೆಗೆ ಆಸರೆ ಕೊಡುವ ದಿನಾಂಕ, ತಡೆಗೋಡೆ ಮತ್ತು ಗರಸಿನ ಕೆಲಸ, ಕಟ್ಟಡ ಮುಗಿದ ಮೇಲೆ ಎರಡು ಮಳೆಗಾಲ ಕಳೆಯುವವರೆಗೆ ಕಾಣುವ ಬಿರುಕುಗಳ ರಿಪೇರಿಯ ಹೊಣೆ, ಇವಿಷ್ಟನ್ನು ಬರೆದ ಒಪ್ಪಂದವನ್ನು ಛಾಪಾ ಕಾಗದದ ಮೇಲೆ ನಾವೇ ತಯಾರಿಸಿ ಕೊಡಬೇಕು. ಒಪ್ಪಿದರೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಕೆಲಸವಿಲ್ಲ.

ಉತ್ತರ 6: ನಿವೃತ್ತ ಸಿವಿಲ್ ಎಂಜಿನಿಯರ್

ಮೂರೇ ದಿನಕ್ಕೆ ಗಾಜು ಒಡೆದಿದೆ ಎಂದರೆ ಗೋಡೆ ಇನ್ನೂ ನಡೆಯುತ್ತಿದೆ. ಒಡೆದ ಪಟ್ಟಿಯನ್ನು ಕೀಳಬೇಡಿ, ಅದರ ಒಂದು ಗೇಣು ಕೆಳಗೆ ಹೊಸದನ್ನು ಕೂರಿಸಿ ತಾರೀಖು ಬರೆಯಿರಿ. ಆಸರೆ ಕಟ್ಟುವವರೆಗೆ ಆ ಕಡೆಯ ಕೋಣೆಗಳಲ್ಲಿ ಅತ್ತೆಯವರನ್ನು ಮಲಗಿಸಬೇಡಿ, ಮೂಡಣ ಕಡೆಯ ಕೋಣೆಗೆ ಹಾಸಿಗೆ ಸರಿಸಿ. ಶನಿವಾರ ಬೆಳಿಗ್ಗೆ ನಾನೇ ಬಂದು ಗುಂಡಿಯನ್ನು ನೋಡುತ್ತೇನೆ. ಅವರ ಎಂಜಿನಿಯರೂ ಅಲ್ಲಿರಲಿ ಎಂದು ಇವತ್ತೇ ಪತ್ರ ಬರೆದು ತಿಳಿಸಿ.